ಪುಟ್ಟ ಹ್ಯಾಕಿಂಟಾಷ್‌ಗೆ ಪಾರ್ಟ್ಸ್ ಆರಿಸಿದ ನನ್ನ ಅನುಭವ

ವಿಂಡೋಸ್ ಪಿಸಿ ಜೋಡಿಸಿ ರೂಢಿ ಇರುವವರಿಗೆ ಒಂದು ಧೈರ್ಯ ಇರುತ್ತದೆ. ಯಾವ ಪಾರ್ಟ್ ತಂದರೂ ಅದರ ಡ್ರೈವರ್ ಎಲ್ಲೋ ಸಿಕ್ಕೇ ಸಿಗುತ್ತದೆ ಅಂತ. ನನಗೂ ಇತ್ತು. ಹ್ಯಾಕಿಂಟಾಷ್, ಅಂದರೆ ಆ್ಯಪಲ್‌ನ ಮ್ಯಾಕ್‌ಒಎಸ್ ಓಡಿಸುವ ಮಾಮೂಲಿ ಪಿಸಿ, ಮಾಡಲು ಹೊರಟಾಗ ಮೊದಲು ಬಿಡಬೇಕಾಗಿದ್ದು ಅದನ್ನೇ. ಮ್ಯಾಕ್‌ಒಎಸ್‌ನಲ್ಲಿ ಇರುವ ಡ್ರೈವರ್‌ಗಳು ಹೆಚ್ಚುಕಮ್ಮಿ ಆ್ಯಪಲ್ ತನ್ನ ಯಂತ್ರಗಳಲ್ಲಿ ಹಾಕಿದ ಚಿಪ್‌ಗಳಿಗೆ ಮಾತ್ರ. ನೆಟ್‌ವರ್ಕ್, ಸೌಂಡ್ ಇಂಥವಕ್ಕೆ ಆಸಕ್ತರೇ ಕೂತು ಕೆಕ್ಸ್ಟ್, ಅಂದರೆ ಮ್ಯಾಕ್‌ಒಎಸ್‌ನ ಡ್ರೈವರ್ ಕಡತ, ಬರೆದಿದ್ದಾರೆ, ಆದರೆ ಗ್ರಾಫಿಕ್ಸ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಪ್ರತಿ ಪಾರ್ಟ್ ನೋಡುವಾಗಲೂ ಒಂದೇ ಪ್ರಶ್ನೆ ಇಟ್ಟುಕೊಂಡೆ: ಈ ಚಿಪ್ ಅಥವಾ ಇದರ ಒಡಹುಟ್ಟು ಯಾವುದಾದರೂ ನಿಜವಾದ ಮ್ಯಾಕ್‌ನಲ್ಲಿ ಇತ್ತಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ್ಯಪಲ್‌ನ ಲೈಸೆನ್ಸ್ ಪ್ರಕಾರ ಮ್ಯಾಕ್‌ಒಎಸ್ ಹಾಕಬೇಕಾಗಿದ್ದು ಆ್ಯಪಲ್ ಯಂತ್ರದಲ್ಲಿ ಮಾತ್ರ. ಅದು ಗೊತ್ತಿದ್ದೇ ಈ ಕೆಲಸಕ್ಕೆ ಕೈಹಾಕಬೇಕು.

ನನಗೆ ಬೇಕಿದ್ದು ಮೇಜಿನ ಮೂಲೆಯಲ್ಲಿ ಕೂರುವ ಪುಟ್ಟ ಪೆಟ್ಟಿಗೆ, ಅಂದರೆ ಮಿನಿ ಐಟಿಎಕ್ಸ್. 17 ಸೆಂ.ಮೀ. ಚೌಕದ ಬೋರ್ಡ್, ಅದರಲ್ಲಿ ಎರಡು ರ್‍ಯಾಮ್ ಸ್ಲಾಟ್, ಒಂದೇ ಒಂದು ಪಿಸಿಐಇ ಸ್ಲಾಟ್. ದೊಡ್ಡ ಕ್ಯಾಬಿನೆಟ್‌ನಲ್ಲಿ ಲ್ಯಾನ್ ಕೆಲಸ ಮಾಡಲಿಲ್ಲ ಅಂದರೆ ಇನ್ನೊಂದು ಕಾರ್ಡ್ ಸಿಕ್ಕಿಸಿ ಸುಮ್ಮನಾಗಬಹುದು. ಇಲ್ಲಿ ಇರುವ ಒಂದೇ ಸ್ಲಾಟ್ ಗ್ರಾಫಿಕ್ಸ್ ಕಾರ್ಡ್‌ಗೇ ಬೇಕಾಗಬಹುದು, ಹಾಗಾಗಿ ಆ ದಾರಿ ನೆಚ್ಚುವಂತಿಲ್ಲ. ಬೋರ್ಡ್ ಮೇಲೆ ಬೆಸೆದಿರುವ ಪ್ರತಿಯೊಂದೂ ಮೊದಲ ಸಲಕ್ಕೇ ಸರಿಯಾಗಿರಬೇಕು.

ಪ್ರೊಸೆಸರ್‌ನಿಂದ ಶುರು ಮಾಡಿದೆ. ಕೋರ್ ಐ5-10400, ಆರು ಕೋರ್, 65 ವ್ಯಾಟ್, ಗಿಡ್ಡ ಕೂಲರ್ ಸಾಕಾಗುತ್ತದೆ. 2020ರ ಐಮ್ಯಾಕ್‌ನಲ್ಲಿ ಇದ್ದದ್ದು ಇದೇ 10ನೇ ತಲೆಮಾರು, ಹಾಗಾಗಿ ಓಪನ್‌ಕೋರ್‌ನಲ್ಲಿ (ಪಿಸಿಯಲ್ಲಿ ಮ್ಯಾಕ್‌ಒಎಸ್ ಬೂಟ್ ಮಾಡಿಸುವ ತಂತ್ರಾಂಶ) ಆ ಮಾದರಿಯ ಹೆಸರಾದ ಐಮ್ಯಾಕ್20,1 ಅಂತ ಗುರುತು ಕೊಟ್ಟರೆ ಚೆನ್ನಾಗಿ ಹೊಂದುತ್ತದೆ. ಜೊತೆಗೆ ಅದರೊಳಗಿನ ಯುಎಚ್‌ಡಿ 630 ಗ್ರಾಫಿಕ್ಸ್‌ಗೆ ಆ್ಯಪಲ್‌ನದೇ ಡ್ರೈವರ್ ಇದೆ. 11ನೇ ತಲೆಮಾರಿನಿಂದ ಆಚೆಗೆ ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ಗೆ ಡ್ರೈವರ್ ಇಲ್ಲ, ಬೇರೆ ಕಾರ್ಡ್ ಬೇಕೇ ಬೇಕು. ಹೆಸರಿನ ಕೊನೆಯ ಅಕ್ಷರವನ್ನೂ ನೋಡಿ. 10400ಎಫ್ ಅಂತ ಇದ್ದರೆ ಅದರಲ್ಲಿ ಗ್ರಾಫಿಕ್ಸೇ ಇಲ್ಲ. ಒಂದು ಅಕ್ಷರ ಕಣ್ತಪ್ಪಿದರೆ ಇಡೀ ಲೆಕ್ಕ ತಲೆಕೆಳಗು.

ಹೆಸರು ನಂಬಿ ಮೋಸ ಹೋಗುವುದು ಜಾಸ್ತಿ ಗ್ರಾಫಿಕ್ಸ್ ಕಾರ್ಡ್‌ನಲ್ಲಿ. ಎಎಂಡಿಯ ಆರ್‌ಎಕ್ಸ್ 550 ಅನ್ನೋ ಒಂದೇ ಹೆಸರಿನಲ್ಲಿ ಎರಡು ಬೇರೆ ಚಿಪ್‌ಗಳಿವೆ. ಬ್ಯಾಫಿನ್ ಚಿಪ್ ಇದ್ದರೆ ನಡೆಯುತ್ತದೆ, ಲೆಕ್ಸಾ ಇದ್ದರೆ ನೇರವಾಗಿ ನಡೆಯುವುದಿಲ್ಲ. ಆರ್‌ಎಕ್ಸ್ 6600ಕ್ಕೆ ಬೆಂಬಲ ಇದೆ, ಅದಕ್ಕಿಂತ ದೊಡ್ಡ 6700 ಎಕ್ಸ್‌ಟಿಗೆ ಆ್ಯಪಲ್‌ನ ಬೆಂಬಲ ಇಲ್ಲ, ಪುಟ್ಟ ಪೆಟ್ಟಿಗೆಗೆ ಹೇಳಿ ಮಾಡಿಸಿದಂತಿರುವ 6400ಕ್ಕೂ ಇಲ್ಲ. ಎನ್‌ವಿಡಿಯಾದ 10ರ ಸರಣಿ ಹಳೆಯ ಮ್ಯಾಕ್‌ಒಎಸ್ ಆವೃತ್ತಿ ಹೈ ಸಿಯೆರಾಗೇ ನಿಂತುಹೋಯಿತು. ನಾನು ಮಾಡುವುದು ಕೋಡ್ ಬರೆಯೋದು, ವಿಡಿಯೊ ನೋಡೋದು, ಅಷ್ಟಕ್ಕೆ ಯುಎಚ್‌ಡಿ 630 ಸಾಕು ಅಂತ ಸ್ಲಾಟ್ ಖಾಲಿ ಬಿಟ್ಟೆ.

ಬೋರ್ಡ್ ಬಿ460 ಚಿಪ್‌ಸೆಟ್‌ನದು. ಆರಿಸುವಾಗ ಬಣ್ಣ, ದೀಪ ಏನೂ ನೋಡಲಿಲ್ಲ, ಲ್ಯಾನ್ ಚಿಪ್ ಯಾವುದು ಅಂತ ನೋಡಿದೆ. ಇಂಟೆಲ್ ಐ219-ವಿ ಇತ್ತು, ಇಂಟೆಲ್‌ಮೌಸಿ ಕೆಕ್ಸ್ಟ್ ಹಾಕಿದ ಕೂಡಲೇ ಎದ್ದು ನಿಂತಿತು. ಬಯಾಸ್‌ನಲ್ಲಿ ಸಿಎಫ್‌ಜಿ ಲಾಕ್ (ಮ್ಯಾಕ್‌ಒಎಸ್ ಬರೆಯಲು ನೋಡುವ ಪ್ರೊಸೆಸರ್‌ನ ಒಂದು ರಿಜಿಸ್ಟರ್‌ಗೆ ಹಾಕಿದ ಬೀಗ) ತೆಗೆಯುವ ಆಯ್ಕೆ ಇದೆಯಾ ಅಂತ ಕೊಳ್ಳುವ ಮೊದಲೇ ಮ್ಯಾನ್ಯುಯಲ್ ಇಳಿಸಿಕೊಂಡು ಓದಿದೆ. ಸೌಂಡ್‌ಗೆ ಆ್ಯಪಲ್‌ಎಎಲ್‌ಸಿ ಕೆಕ್ಸ್ಟ್ ಇದೆ, ನಿಮ್ಮ ಚಿಪ್‌ನ ಲೇಔಟ್ ಸಂಖ್ಯೆಗಳನ್ನು ಒಂದೊಂದಾಗಿ ಹಾಕಿ ನೋಡಿದರೆ ಆಯಿತು.

ನಾನು ಎಡವಿದ್ದು ಎಸ್‌ಎಸ್‌ಡಿಯಲ್ಲಿ. ಕೈಯಲ್ಲಿ ಒಂದು ಹಳೆಯ ಎನ್‌ವಿಎಂಇ (ಪಿಸಿಐಇ ಮೂಲಕ ಓಡುವ ವೇಗದ ಎಸ್‌ಎಸ್‌ಡಿ) ಇತ್ತು, ಡಿಸ್ಕ್ ಅಂದರೆ ಡಿಸ್ಕ್ ತಾನೇ ಅಂತ ಅದನ್ನೇ ಹಾಕಿದೆ. ಇನ್‌ಸ್ಟಾಲ್ ಅರ್ಧಕ್ಕೆ ಬಂದು ಕರ್ನಲ್ ಪ್ಯಾನಿಕ್, ಅಂದರೆ ಇಡೀ ಸಿಸ್ಟಮ್ ಕುಸಿದು ನಿಂತಿತು. ಮತ್ತೆ ಶುರು ಮಾಡಿದೆ, ಮತ್ತೆ ಪ್ಯಾನಿಕ್, ಪ್ರತಿ ಸಲವೂ ಬೇರೆ ಜಾಗದಲ್ಲಿ. ಮೂರು ಸಂಜೆ ಓಪನ್‌ಕೋರ್‌ನ ಕಾನ್ಫಿಗ್ ತಿದ್ದಿದ್ದೇ ತಿದ್ದಿದ್ದು, ರ್‍ಯಾಮ್ ಒಂದೊಂದೇ ತೆಗೆದು ನೋಡಿದೆ, ಇನ್‌ಸ್ಟಾಲರ್ ಪೆನ್‌ಡ್ರೈವ್ ಹೊಸದಾಗಿ ಮಾಡಿದೆ. ಕೊನೆಗೆ ಬೇಜಾರಾಗಿ ಡಬ್ಲ್ಯುಡಿ ಎಸ್‌ಎನ್750 ತಂದು ಹಾಕಿದೆ. ಅದೇ ಕಾನ್ಫಿಗ್, ಮೊದಲ ಯತ್ನಕ್ಕೇ ಮುಗಿಯಿತು. ಕೆಲವು ಎನ್‌ವಿಎಂಇ ಕಂಟ್ರೋಲರ್‌ಗಳಿಗೂ ಆ್ಯಪಲ್‌ನ ಡ್ರೈವರ್‌ಗೂ ಆಗಿಬರುವುದಿಲ್ಲ. ಹಾಗಾಗಿ ಬೇರೆಯವರು ಮ್ಯಾಕ್‌ಒಎಸ್ ಓಡಿಸಿ ನೋಡಿದ ಮಾದರಿಯನ್ನೇ ತೆಗೆದುಕೊಳ್ಳಿ.

ಆಮೇಲೆ ಇನ್ನೊಂದು. ಬೂಟ್ ಆಗುವಾಗ ಅಕ್ಷರಗಳೆಲ್ಲ ಓಡುತ್ತಿದ್ದವು, ಡೆಸ್ಕ್‌ಟಾಪ್ ಬರಬೇಕು ಅನ್ನುವಷ್ಟರಲ್ಲಿ ಪರದೆ ಕಪ್ಪು. ಎಚ್‌ಡಿಎಂಐ ಬಿಚ್ಚಿ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದೆ, ಚಿತ್ರ ಬಂತು! ಬೋರ್ಡ್‌ನ ಎಚ್‌ಡಿಎಂಐ ಕಿಂಡಿಯ ಬಸ್ ಸಂಖ್ಯೆ ಮ್ಯಾಕ್‌ಒಎಸ್ ಅಂದುಕೊಂಡದ್ದಕ್ಕಿಂತ ಬೇರೆ ಇತ್ತು, ವಾಟೆವರ್‌ಗ್ರೀನ್ ಅನ್ನೋ ಗ್ರಾಫಿಕ್ಸ್ ಕೆಕ್ಸ್ಟ್ ಮೂಲಕ ಅದನ್ನು ಬದಲಿಸಿದ ಮೇಲೆ ಎರಡೂ ನಡೆದವು. ಎರಡೂ ಬಗೆಯ ಕಿಂಡಿ ಇರುವ ಬೋರ್ಡ್ ತಂದಿದ್ದಕ್ಕೆ ಬಚಾವಾದೆ.

ವೈಫೈ ವಿಷಯದಲ್ಲಿ ಆಸೆ ಕಮ್ಮಿ ಇಟ್ಟುಕೊಳ್ಳಿ. ಬೋರ್ಡ್ ಜೊತೆ ಬಂದ ಇಂಟೆಲ್ ಕಾರ್ಡ್ ಕೆಕ್ಸ್ಟ್ ಹಾಕಿದರೆ ಇಂಟರ್ನೆಟ್ ಕೊಡುತ್ತದೆ, ಏರ್‌ಡ್ರಾಪ್ (ಆ್ಯಪಲ್ ಯಂತ್ರಗಳ ನಡುವೆ ವೈರ್ ಇಲ್ಲದೆ ಫೈಲ್ ಕಳಿಸುವ ಸೌಲಭ್ಯ) ಕೊಡುವುದಿಲ್ಲ. ಏರ್‌ಡ್ರಾಪ್ ಬೇಕು ಅನ್ನುವವರು ಮೊದಲು ಬ್ರಾಡ್‌ಕಾಮ್ ಕಾರ್ಡ್ ಹಾಕುತ್ತಿದ್ದರು. ಆ ಹಳೆಯ ಕಾರ್ಡ್‌ಗಳ ಡ್ರೈವರನ್ನು 2023ರ ಮ್ಯಾಕ್‌ಒಎಸ್ ಸೊನೋಮಾದಲ್ಲಿ ಆ್ಯಪಲ್ ತೆಗೆದುಹಾಕಿತು, ಈಗ ಅವಕ್ಕೆ ಸಿಸ್ಟಮ್‌ಗೇ ಪ್ಯಾಚ್ ಹಾಕಬೇಕು. ನಾನು ವೈಫೈ ಬಿಟ್ಟು ಲ್ಯಾನ್ ಕೇಬಲ್ ಎಳೆದೆ.

ಯುಎಸ್‌ಬಿಗೆ ಮಾತ್ರ ಪುಟ್ಟ ಬೋರ್ಡೇ ವಾಸಿ. ಮ್ಯಾಕ್‌ಒಎಸ್ ಒಂದು ಕಂಟ್ರೋಲರ್‌ಗೆ 15 ಪೋರ್ಟ್‌ ಮಿತಿ ಹಾಕಿದೆ, ಯುಎಸ್‌ಬಿ 3ರ ಒಂದು ಕಿಂಡಿ ಎರಡಾಗಿ ಲೆಕ್ಕಕ್ಕೆ ಬರುತ್ತದೆ, ಬ್ಲೂಟೂತ್ ಕೂಡ ಒಳಗಿಂದ ಒಂದನ್ನು ತಿನ್ನುತ್ತದೆ. ಇಷ್ಟಾದರೂ ಕಿಂಡಿಗಳು ಕಮ್ಮಿ ಇದ್ದಿದ್ದರಿಂದ ಮ್ಯಾಪ್ ಮಾಡುವಾಗ, ಅಂದರೆ ಯಾವ ಪೋರ್ಟ್ ಇಟ್ಟುಕೊಳ್ಳಬೇಕು ಅಂತ ಗೊತ್ತುಮಾಡುವಾಗ, ನಾನು ಬಿಟ್ಟಿದ್ದು ಒಂದೋ ಎರಡೋ. ಮ್ಯಾಪ್ ಆದ ಮೇಲೆ ಸ್ಲೀಪ್ ಕೂಡ ಸರಿಹೋಯಿತು.

ಈಗ ಮ್ಯಾಕ್‌ಒಎಸ್ ಸೆಕೋಯಾ ಓಡುತ್ತಿದೆ. ಇಂಟೆಲ್ ಮ್ಯಾಕ್‌ಗಳಿಗೆ ಟಾಹೋ, ಅಂದರೆ 26, ಕೊನೆಯ ಆವೃತ್ತಿ ಅಂತ 2025ರಲ್ಲಿ ಆ್ಯಪಲ್ ಹೇಳಿಯಾಗಿದೆ. ಹಾಗಾಗಿ ಎಲ್ಲವನ್ನೂ ಹೊಸದಾಗಿ ಕೊಂಡು ಕಟ್ಟಿ ಅಂತ ನಾನು ಹೇಳಲಾರೆ. ಮನೆಯಲ್ಲಿ 10ನೇ ತಲೆಮಾರಿನ ಪ್ರೊಸೆಸರ್, ಬೋರ್ಡ್ ಇದ್ದರೆ ಮೊದಲು ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ಗ್ರಾಫಿಕ್ಸ್, ಲ್ಯಾನ್, ಸೌಂಡ್, ಎಸ್‌ಎಸ್‌ಡಿ ಇವುಗಳ ಹೆಸರು ಬರೆದುಕೊಳ್ಳಿ, ಪೆನ್‌ಡ್ರೈವ್ ಆಮೇಲೆ ಮಾಡಿದರಾಯಿತು.