ಬೋರ್ಡಿನ ಮೂತಿ ಮುಳುಗೋದು ನಿಂತದ್ದು ಹೀಗೆ

ಮಂಗಳೂರು ಹತ್ತಿರದ ಸಸಿಹಿತ್ಲು ಕಡಲಿನಲ್ಲಿ ಸರ್ಫಿಂಗ್, ಅಂದರೆ ಬೋರ್ಡಿನ ಮೇಲೆ ನಿಂತು ಅಲೆಯಲ್ಲಿ ಜಾರೋದು, ಕಲಿಯುತ್ತಿದ್ದೆ. ನೊರೆ ಅಲೆಯ ಮೇಲೆ ಎದ್ದು ನಿಲ್ಲೋದು ಬೇಗ ಬಂತು. ಆದರೆ ಇನ್ನೂ ಒಡೆಯದ ಅಲೆಗೆ ಹೋದರೆ ಸಾಕು, ಬೋರ್ಡಿನ ಮೂತಿ ನೀರಿಗೆ ಹೊಕ್ಕು ನಾನು ಲಾಗ ಹೊಡೆಯುತ್ತಿದ್ದೆ. ಮೂಗಿನ ತುಂಬ ಉಪ್ಪುನೀರು. ಸುಮ್ನೆ ಬೋರ್ಡಿಗೆ ಬೈದೆ, ಪಾಪ!

ಗೆಳೆಯ ದಡದಿಂದ ತೆಗೆದ ವಿಡಿಯೋದಲ್ಲಿ ತಪ್ಪು ಸಿಕ್ಕಿತು. ಅಲೆ ಹಿಂದಿನಿಂದ ಎತ್ತಿದ ಕೂಡಲೇ ಬೋರ್ಡಿನ ಮೇಲೆ ಮಲಗಿದ್ದ ನಾನು ಕೈಯಿಂದ ನೀರು ಹಿಂದಕ್ಕೆ ತಳ್ಳೋದು ನಿಲ್ಲಿಸುತ್ತಿದ್ದೆ. ವೇಗ ಸಾಲದೆ, ಅಲೆ ಕಡಿದಾಗುವ ತನಕ ಅದರ ನೆತ್ತಿಯಲ್ಲೇ ಸಿಕ್ಕಿಕೊಳ್ಳುತ್ತಿದ್ದೆ. ಆಮೇಲೆ ಏಳೋದು, ಅದೂ ಕಾಲು ನೋಡಿಕೊಂಡು. ಭಾರವೆಲ್ಲ ಮುಂದಕ್ಕೆ. ಮುಳುಗದೆ ಇನ್ನೇನಾಗುತ್ತೆ, ಅಲ್ವಾ?

ಈಗ ಅಲೆ ಎತ್ತಿದ ಮೇಲೂ ಜೋರಾಗಿ ಇನ್ನೆರಡು ಮೂರು ಸಲ ಕೈ ಹಾಕುತ್ತೇನೆ. ಬೋರ್ಡನ್ನು ದಡಕ್ಕೆ ನೇರ ಬಿಡದೆ, ಅಲೆ ಒಡೆಯದೆ ಉಳಿದಿರುವ ಬದಿಗೆ ಸ್ವಲ್ಪ ಓರೆ ಮಾಡುತ್ತೇನೆ. ಕಣ್ಣೂ ಅತ್ತಲೇ. ಮಂಡಿ ಮಡಚಿಯೇ ಇರಬೇಕು. ಅದಕ್ಕೆ ಮನೆಯಲ್ಲಿ ಚಾಪೆ ಮೇಲೆ ದಿನಾ 20 ಸಲ ಏಳುತ್ತಿದ್ದೆ. ಅಮ್ಮನಿಗೆ ನಗು.

ನಾಲ್ಕನೇ ದಿನ ಬೋರ್ಡು ಅಡ್ಡಡ್ಡ ಜಾರಿತು. ಎಡಗಡೆ ಗಾಜಿನಂತೆ ನೀರಿನ ಗೋಡೆ, ಹಿಂದೆ ನೊರೆಯ ಸದ್ದು. ಖುಷಿಗೆ ಕಿರುಚಿ ಬಿದ್ದೆ. ತಿರುವು ತೆಗೆಯೋದು ಇನ್ನೂ ಬಾಕಿ ಇದೆ.