ಬೆಲೆ ಹೇಳದೆ ‘ವಾಟರ್‌ವರ್ಲ್ಡ್’ ತೋರಿಸಿ ಅಭಿಪ್ರಾಯ ಪಡೆಯುವ ಬಗೆ: ನನ್ನ ಅನುಭವ

‘ವಾಟರ್‌ವರ್ಲ್ಡ್’ ಚಿತ್ರದ ಬಗ್ಗೆ ಯಾರನ್ನಾದರೂ ಕೇಳಿ ನೋಡಿ. ಚಿತ್ರ ನೋಡದವರೂ ಒಂದು ಮಾತು ಹೇಳುತ್ತಾರೆ: ‘ಅದೇ ಅಲ್ವಾ, ದುಡ್ಡೆಲ್ಲ ನೀರಿಗೆ ಹಾಕಿದ ಸಿನಿಮಾ?’ 1995ರ ಜುಲೈ 28ರಂದು ಅಮೆರಿಕದಲ್ಲಿ ತೆರೆಕಂಡಾಗ ಅದರ ಖರ್ಚು ಸುಮಾರು 17.5 ಕೋಟಿ ಡಾಲರ್. ಅಲ್ಲಿಯವರೆಗೆ ಅಷ್ಟು ಖರ್ಚಿನ ಚಿತ್ರ ಬಂದಿರಲಿಲ್ಲ. ಬಿಡುಗಡೆಗೆ ಮುಂಚೆಯೇ ಪತ್ರಿಕೆಗಳು ಹಿಂದೆ ಮುಳುಗಿದ ಎರಡು ದುಬಾರಿ ಚಿತ್ರಗಳ ಹೆಸರು ತಿರುಚಿ ‘ಫಿಶ್‌ಟಾರ್’, ‘ಕೆವಿನ್ಸ್ ಗೇಟ್’ ಎಂದು ಅಡ್ಡಹೆಸರು ಇಟ್ಟಾಗಿತ್ತು. ಹಾಗಾಗಿ ಪ್ರೇಕ್ಷಕ ಟಿಕೆಟ್ ಹರಿಸಿಕೊಂಡು ಒಳಗೆ ಹೋಗುವ ಹೊತ್ತಿಗೆ ಲೆಕ್ಕಪುಸ್ತಕವೂ ಕಂಕುಳಲ್ಲಿರುತ್ತಿತ್ತು.

ಸಣ್ಣ ಚಿತ್ರಗೋಷ್ಠಿಗಳಲ್ಲಿ ಈ ಚಿತ್ರ ತೋರಿಸಿ ಅಭಿಪ್ರಾಯ ಸಂಗ್ರಹಿಸುವಾಗ ನಾನು ಪಾಲಿಸುವ ಮೊದಲ ನಿಯಮ ಇದರಿಂದಲೇ ಹುಟ್ಟಿದ್ದು. ಮೊದಲ ಚೀಟಿ ವಾಪಸ್ ಬರುವವರೆಗೆ ಬೆಲೆ ಹೇಳಬಾರದು. ಆಹ್ವಾನದಲ್ಲಿ, ಪೋಸ್ಟರ್‌ನಲ್ಲಿ, ಪರಿಚಯದ ಮಾತಿನಲ್ಲಿ ಎಲ್ಲೂ ಅಂಕಿ ಬೇಡ, ‘ಫ್ಲಾಪ್’ ಅನ್ನುವ ಪದವೂ ಬೇಡ, ‘ಕಲ್ಟ್’ ಅಂತೂ ಬೇಡವೇ ಬೇಡ. ಪರಿಚಯ ಒಂದೇ ನಿಮಿಷ, ಕನ್ನಡದಲ್ಲಿ: ಭೂಮಿಯೆಲ್ಲ ನೀರಾಗಿದೆ, ಹಿಡಿ ಮಣ್ಣಿಗೆ ಚಿನ್ನದ ಬೆಲೆ, ಕುಡಿಯುವ ನೀರಿಗೆ ಹೈಡ್ರೋ ಅನ್ನುತ್ತಾರೆ, ತೇಲುವ ಊರಿಗೆ ಅಟಾಲ್, ಎಣ್ಣೆ ಸುಡುವ ದರೋಡೆಕೋರರಿಗೆ ಸ್ಮೋಕರ್ಸ್, ಎಲ್ಲರೂ ಹುಡುಕುವ ನೆಲಕ್ಕೆ ಡ್ರೈಲ್ಯಾಂಡ್. ಈ ನಾಲ್ಕು ಪದ ಹೇಳದಿದ್ದರೆ ‘ಅರ್ಥ ಆಗಲಿಲ್ಲ’ ಅನ್ನುವ ಚೀಟಿಗಳು ಬರುತ್ತವೆ. ಅದು ಚಿತ್ರದ ಮೇಲಿನ ದೂರೋ ಭಾಷೆಯ ತೊಡಕೋ ಎಂದು ಆಮೇಲೆ ಬಿಡಿಸಲು ಆಗುವುದಿಲ್ಲ.

ಎರಡನೆಯದು, ಯಾವ ಆವೃತ್ತಿ. ಚಿತ್ರಮಂದಿರದಲ್ಲಿ ಬಂದದ್ದು 135 ನಿಮಿಷ. ಅಮೆರಿಕದ ದೂರದರ್ಶನಕ್ಕಾಗಿ ಸುಮಾರು 40 ನಿಮಿಷ ಸೇರಿಸಿದ ಆವೃತ್ತಿ ಇನ್ನೊಂದು. ಟಿವಿಯವರು ಕತ್ತರಿಸಿದ ಮಾತು, ಹೊಡೆದಾಟಗಳನ್ನು ಅದಕ್ಕೆ ಮರಳಿ ಜೋಡಿಸಿದ್ದು ‘ಯುಲಿಸಿಸ್ ಕಟ್’. ಆರೋ ವಿಡಿಯೋದವರ ಬ್ಲೂ-ರೇ ಪೆಟ್ಟಿಗೆಯಲ್ಲಿ ಮೂರೂ ಸಿಗುತ್ತವೆ. ಕೊಳ್ಳುವ ಮೊದಲು ಡಿಸ್ಕಿನ ರೀಜನ್ ನೋಡಿಕೊಳ್ಳಿ: ಬ್ಲೂ-ರೇ ಲೆಕ್ಕದಲ್ಲಿ ಭಾರತ ‘ಸಿ’ ವಲಯ, ಹೊರದೇಶದ ಡಿಸ್ಕ್ ಇಲ್ಲಿನ ಪ್ಲೇಯರ್‌ನಲ್ಲಿ ಓಡದೇ ಇರಬಹುದು. ಮನೆಯಲ್ಲಿ ನೋಡಲೆಂದು ಕೊಂಡ ಡಿಸ್ಕನ್ನು ಸಾರ್ವಜನಿಕವಾಗಿ ತೋರಿಸಲು ಹಕ್ಕುದಾರರ ಅನುಮತಿ ಬೇರೆಯೇ ಬೇಕು.

ಆವೃತ್ತಿ ಬದಲಾದರೆ ಅಭಿಪ್ರಾಯವೂ ಬದಲಾಗುತ್ತದೆ. ಚಿಕ್ಕದರಲ್ಲಿ ನಾಯಕನಿಗೆ ಕೊನೆಯವರೆಗೂ ಹೆಸರೇ ಇಲ್ಲ, ಬರೀ ‘ಮ್ಯಾರಿನರ್’. ಉದ್ದದ್ದರಲ್ಲಿ ನಾಯಕಿ ಹೆಲೆನ್ ಅವನಿಗೆ ಯುಲಿಸಿಸ್ ಎಂದು ಹೆಸರಿಡುತ್ತಾಳೆ. ಅಲ್ಲಿ ಡ್ರೈಲ್ಯಾಂಡ್‌ನಲ್ಲಿ ಹಿಲರಿ, ತೇನ್‌ಸಿಂಗ್ ಹೆಸರಿನ ಫಲಕವೂ ಕಾಣುತ್ತದೆ, ಅಂದರೆ ಅವರು ಹುಡುಕಿದ ನೆಲ ಎವರೆಸ್ಟ್. ಆ ಫಲಕ ಬಂದಾಗ ನಮ್ಮ ಸಭಾಂಗಣಗಳಲ್ಲಿ ಏಳುವ ‘ಓಹೋ’ ಚಿಕ್ಕ ಆವೃತ್ತಿಯಲ್ಲಿ ಏಳುವ ಅವಕಾಶವೇ ಇಲ್ಲ. ಆದ್ದರಿಂದ ಎರಡು ಆವೃತ್ತಿಗಳ ಚೀಟಿಗಳನ್ನು ಒಂದೇ ಕಟ್ಟಿಗೆ ಹಾಕುವ ಹಾಗಿಲ್ಲ.

ಇನ್ನೊಂದು ತೊಡಕು ಕಣ್ಣಿಗೆ ಬೀಳುವುದಿಲ್ಲ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು. ಹಳೆಯ ಪಾಲ್ (ಭಾರತ, ಯುರೋಪಿನ ಟಿವಿ ಪದ್ಧತಿಯ) ಡಿವಿಡಿ ಅದನ್ನು 25ಕ್ಕೆ ಓಡಿಸುತ್ತದೆ. 135 ನಿಮಿಷದ ಚಿತ್ರ 129.6 ನಿಮಿಷಕ್ಕೆ ಮುಗಿಯುತ್ತದೆ. ಬ್ಲೂ-ರೇಯಲ್ಲಿ ನೂರನೇ ನಿಮಿಷದಲ್ಲಿ ಬಂದ ನಗು ಡಿವಿಡಿಯಲ್ಲಿ 96ನೇ ನಿಮಿಷಕ್ಕೆ ಬರುತ್ತದೆ. ಎರಡು ಪ್ರದರ್ಶನಗಳ ಟಿಪ್ಪಣಿ ಹೋಲಿಸುವಾಗ ಇದು ಮರೆತರೆ ಒಂದೇ ದೃಶ್ಯಕ್ಕೆ ಬಂದ ನಗು ಎರಡು ಬೇರೆ ದೃಶ್ಯಗಳ ಲೆಕ್ಕಕ್ಕೆ ಹೋಗುತ್ತದೆ. ಡಿವಿಡಿಯ ನಿಮಿಷವನ್ನು 0.96ರಿಂದ ಭಾಗಿಸಿದರೆ ಸರಿಹೋಗುತ್ತದೆ.

ಧ್ವನಿಯ ವಿಷಯದಲ್ಲಿ ಜಿಪುಣತನ ಬೇಡ. ಈ ಚಿತ್ರಕ್ಕೆ ಬಂದ ಒಂದೇ ಆಸ್ಕರ್ ನಾಮನಿರ್ದೇಶನ ಧ್ವನಿಗೆ. ಸ್ಮೋಕರ್ಸ್ ಜೆಟ್ ಸ್ಕೀಗಳಲ್ಲಿ ಅಟಾಲ್ ಗೋಡೆ ಹಾರಿ ಒಳನುಗ್ಗುವ ದಾಳಿ ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ, ಚೀಟಿಯಲ್ಲಿ ‘ಗಲಾಟೆ’ ಎಂದು ಬರುತ್ತದೆ. ಅದಕ್ಕಿಂತ ಕೆಟ್ಟ ತಪ್ಪು ಎಂದರೆ ಡಿಸ್ಕಿನಲ್ಲಿ 5.1 (ಆರು ಚಾನೆಲ್‌ನ) ಧ್ವನಿ, ಸಭಾಂಗಣದಲ್ಲಿ ಎರಡೇ ಸ್ಪೀಕರ್. ಎಡ-ಬಲದ ತಂತಿ ಮಾತ್ರ ಜೋಡಿಸಿ, ಪ್ಲೇಯರ್‌ಗೆ ‘ಸ್ಟೀರಿಯೋ ಡೌನ್‌ಮಿಕ್ಸ್’ (ಎಲ್ಲ ಚಾನೆಲ್ ಎರಡಕ್ಕೆ ಇಳಿಸು) ಹೇಳದೆ ಬಿಟ್ಟರೆ ನಡುವಿನ ಚಾನೆಲ್ ಕಾಣೆಯಾಗುತ್ತದೆ. ಮಾತು ಇರುವುದೇ ಅಲ್ಲಿ. ಅಲೆ, ಎಂಜಿನ್, ಜೇಮ್ಸ್ ನ್ಯೂಟನ್ ಹೊವಾರ್ಡ್ ಸಂಗೀತ ಎಲ್ಲ ಕೇಳುತ್ತದೆ, ಮಾತು ಮಾತ್ರ ಬಾವಿಯೊಳಗಿಂದ ಬಂದಂತೆ. ಹಿಂದಿನ ಸಾಲಿನಲ್ಲಿ ಕೂತು ಖಳನಾಯಕ ಡೆನ್ನಿಸ್ ಹಾಪರ್‌ನ ಒಂದು ಮಾತು ಸ್ಪಷ್ಟವಾಗಿ ಕೇಳುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಯೇ ಇಡಿ.

40 ಕುರ್ಚಿಗೆ 40 ಹಳದಿ ಚೀಟಿ, 40 ನೀಲಿ ಚೀಟಿ, 45 ಪೆನ್ಸಿಲ್. ಪೆನ್ನು ಕೊಟ್ಟರೆ ಅರ್ಧ ಜೇಬಿಗೆ ಹೋಗುತ್ತವೆ. ಎ4 ಹಾಳೆಯನ್ನು ನಾಲ್ಕು ಮಾಡಿದ ಅಳತೆ ಸಾಕು. ಜಾಗ ಜಾಸ್ತಿ ಇದ್ದರೆ ಜನ ವಿಮರ್ಶೆ ಬರೆಯಲು ಹೊರಡುತ್ತಾರೆ, ಕಂಡದ್ದನ್ನು ಬಿಟ್ಟು. ಹೆಸರು ಬೇಡ. ಕುರ್ಚಿ ಸಂಖ್ಯೆ, ವಯಸ್ಸಿನ ಗುಂಪು, ‘ಈ ಚಿತ್ರದ ಬಗ್ಗೆ ಮೊದಲೇ ಕೇಳಿದ್ದೀರಾ?’ ಎಂಬುದಕ್ಕೆ ಒಂದು ಚೌಕ. ಖರ್ಚಿನ ಕಥೆ ಗೊತ್ತಿದ್ದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ, ಅವರ ಚೀಟಿ ಬೇರೆ ಕಟ್ಟು.

ಪ್ರಶ್ನೆಗಳದ್ದೇ ದೊಡ್ಡ ಕಥೆ. ‘ಸಿನಿಮಾ ಹೇಗಿತ್ತು?’ ಅಂತ ಕನ್ನಡದಲ್ಲಿ ಕೇಳಲೇಬಾರದು. ಉತ್ತರ ‘ಪರವಾಗಿಲ್ಲ’. ಈ ಪದ ಬಾಯಲ್ಲಿ ಬಂದರೆ ರಾಗದ ಮೇಲೆ ಅರ್ಥವಾಗುತ್ತದೆ: ‘ಪರವಾಗಿಲ್ವೇ!’ ಅಂದರೆ ಮೆಚ್ಚುಗೆ, ‘ಹ್ಞೂಂ... ಪರವಾಗಿಲ್ಲ’ ಅಂದರೆ ಚಹಾ ಕೊಟ್ಟಿದ್ದೀರಿ, ಬೈಯುವುದಕ್ಕೆ ಮನಸ್ಸಿಲ್ಲ. ಕಾಗದದ ಮೇಲೆ ರಾಗ ಇರುವುದಿಲ್ಲ, ಐದು ಅಕ್ಷರಗಳು ಮಾತ್ರ. ‘ಒಂದ್ಸಲ ನೋಡಬಹುದು’ ಕೂಡ ಅದೇ ಜಾತಿ. ಒಂದರಿಂದ ಐದರ ಅಂಕ ಕೇಳಿದರೆ ಬಹುತೇಕ ಮೂರು, ಅದು ಅಂಕಿಯ ವೇಷದ ‘ಪರವಾಗಿಲ್ಲ’. ಹಾಗಾಗಿ ಹಳದಿ ಚೀಟಿಯಲ್ಲಿ ನಾನು ಇಡುವುದು ಈ ನಾಲ್ಕು: ಯಾವ ದೃಶ್ಯ ಈಗಲೂ ಕಣ್ಣಮುಂದಿದೆ? ಎಲ್ಲಿ ಗಡಿಯಾರ ನೋಡಿದಿರಿ? ಈ ಮ್ಯಾರಿನರ್‌ನನ್ನು ಮನೆಗೆ ಊಟಕ್ಕೆ ಕರೆಯುತ್ತೀರಾ? ಮನೆಯವರಿಗೆ ಈ ಕಥೆಯನ್ನು ಎರಡು ಸಾಲಲ್ಲಿ ಹೇಳಿ.

ಊಟದ ಪ್ರಶ್ನೆ ತಮಾಷೆಯಾಗಿ ಕಾಣುತ್ತದೆ, ಆದರೆ ಅತಿ ಹೆಚ್ಚು ಕೆಲಸ ಮಾಡುವುದು ಅದೇ. ಕೆವಿನ್ ಕಾಸ್ಟ್ನರ್‌ನ ಪಾತ್ರ ಒರಟ. ಹೆಂಗಸಿನ ಕೂದಲು ಕತ್ತರಿಸುತ್ತಾನೆ, ಹುಡುಗಿಯದ್ದೂ ಕತ್ತರಿಸುತ್ತಾನೆ, ಆ ಹುಡುಗಿಯನ್ನು ಎತ್ತಿ ಸಮುದ್ರಕ್ಕೆ ಎಸೆಯುತ್ತಾನೆ. ‘ನಾಯಕ ಇಷ್ಟವಾದನೇ?’ ಎಂದರೆ ‘ಹೌದು’ ಎಂದು ಬರೆಯುವವರೇ ಊಟಕ್ಕೆ ‘ಬೇಡಪ್ಪಾ’ ಎಂದು ಬರೆಯುತ್ತಾರೆ. ಹುಡುಗಿ ಎನೋಲಾ ಬಗ್ಗೆ ಯಾರೂ ಕೇಳದಿದ್ದರೂ ಬರೆಯುತ್ತಾರೆ. ಒಂದು ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಮಗು ಮಾತ್ರ ಬರಲಿ. ಅವನು ಹೊರಗೇ ಇರಲಿ.’

ಚೀಟಿಯಷ್ಟೇ ಸಾಲದು, ಕತ್ತಲಲ್ಲಿ ಕಾಲದ ಟಿಪ್ಪಣಿಯೂ ಬೇಕು. ಇಬ್ಬರು ಹಿಂದಿನ ಸಾಲಿನ ಎರಡು ಮೂಲೆಗಳಲ್ಲಿ ಕೂರುತ್ತೇವೆ, ಮೊಬೈಲ್ ಬೆಳಕು ಹಿಂದಿನಿಂದಲೇ ಕಾಣುವುದು. ಯೂನಿವರ್ಸಲ್‌ನ ಭೂಗೋಳ ತಿರುಗಲು ಶುರುವಾದಾಗ ಗಡಿಯಾರ ಒತ್ತುವುದು. ಈ ಚಿತ್ರದಲ್ಲಿ ಆ ಲಾಂಛನವೇ ಕಥೆಯೊಳಕ್ಕೆ ಇಳಿಯುತ್ತದೆ, ಭೂಗೋಳದ ನೆಲವನ್ನು ನೀರು ನುಂಗುತ್ತದೆ, ಆದ್ದರಿಂದ ‘ಚಿತ್ರ ಶುರುವಾದ ಮೇಲೆ’ ಎಂದರೆ ಇಬ್ಬರಿಗೂ ಬೇರೆ ಬೇರೆ ಹೊತ್ತಾಗುತ್ತದೆ. ನ ಅಂದರೆ ನಗು, ಮೌ ಮೌನ, ಪಿ ಪಿಸುಮಾತು, ಮೊ ಮೊಬೈಲ್, ಎ ಎದ್ದು ಹೋದದ್ದು. ಕೆಂಪು ಬೆಳಕಿನ ಸಣ್ಣ ಟಾರ್ಚು.

ಮೊದಲ ದೃಶ್ಯವನ್ನೇ ನೋಡಿ. ಬಯಲು ಸಮುದ್ರ, ಒಂಟಿ ದೋಣಿ, ನಾಯಕ ಬೆನ್ನು ಹಾಕಿ ಡಬ್ಬಿಗೆ ಮೂತ್ರ ಮಾಡುತ್ತಿದ್ದಾನೆ. ಪಿ. ನಾಯಕನ ಪ್ರವೇಶಕ್ಕೆ ಶಿಳ್ಳೆ ಕಾದಿಟ್ಟುಕೊಂಡ ನಮ್ಮ ಜನಕ್ಕೆ ಇದು ನಾಯಕನೋ ಅಲ್ಲವೋ ಎಂಬ ಅನುಮಾನ. ಅದನ್ನು ಯಂತ್ರಕ್ಕೆ ಸುರಿದು ಹಿಡಿಕೆ ತಿರುಗಿಸುತ್ತಾನೆ. ಮೌ, ಏನೋ ಗೊತ್ತಾಗುತ್ತಿದೆ. ಇನ್ನೊಂದು ತುದಿಯಿಂದ ಬಂದ ನೀರನ್ನು ಕುಡಿಯುತ್ತಾನೆ. ನ, ಜೊತೆಗೆ ‘ಥೂ’. ಬಾಯಿ ಮುಕ್ಕಳಿಸಿ ನಿಂಬೆ ಗಿಡಕ್ಕೆ ಉಗುಳುತ್ತಾನೆ. ಇಲ್ಲಿಗೆ ನಗು ಇನ್ನೊಂದು ಬಗೆಯದಾಗುತ್ತದೆ: ಹನಿ ನೀರೂ ದಂಡವಾಗಬಾರದು ಎಂಬುದು ಮಾತಿಲ್ಲದೆ ತಲುಪಿತು. ಟಿಪ್ಪಣಿಯಲ್ಲಿ ಎರಡೂ ‘ನ’ ಆದರೆ ಉಪಯೋಗವಿಲ್ಲ. ಹೇಸಿಗೆಯ ನಗುವಿಗೆ ‘ನ’ ಪಕ್ಕ ಒಂದು ಚುಕ್ಕಿ, ಮೆಚ್ಚುಗೆಯ ನಗುವಿಗೆ ಎರಡು.

ಚಿತ್ರವನ್ನು ಗೇಲಿ ಮಾಡುವ ನಗು ಬರುವುದು ಕೊನೆಯ ಭಾಗದಲ್ಲಿ. ಎನೋಲಾ ನೀರಿಗೆ ಬಿದ್ದಿರುತ್ತಾಳೆ, ಮೂರು ದಿಕ್ಕಿನಿಂದ ಜೆಟ್ ಸ್ಕೀಗಳು ಅವಳತ್ತ ಬರುತ್ತವೆ, ಮ್ಯಾರಿನರ್ ಬಲೂನಿನಿಂದ ಸ್ಥಿತಿಸ್ಥಾಪಕ ಹಗ್ಗ ಕಟ್ಟಿಕೊಂಡು ಧುಮುಕಿ ಅವಳನ್ನು ಎತ್ತಿಕೊಂಡು ಮೇಲಕ್ಕೆ ಚಿಮ್ಮುತ್ತಾನೆ. ಇದಕ್ಕೆ ‘ನ ಮೂರು ಚುಕ್ಕಿ’. ಮಜಾ ಏನೆಂದರೆ, ಇದೇ ದೃಶ್ಯ ಮೊದಲ ಪ್ರಶ್ನೆಯ ಉತ್ತರಗಳಲ್ಲೂ ಬರುತ್ತದೆ. ಗೇಲಿ ಮಾಡಿದವರೇ ನೆನಪಿಟ್ಟುಕೊಂಡಿರುತ್ತಾರೆ.

135 ನಿಮಿಷದ ಆವೃತ್ತಿಗೆ ಮಧ್ಯಂತರ ಕೊಡಬೇಡಿ. ಚಹಾ ಕುಡಿಯುವ ಹತ್ತು ನಿಮಿಷದಲ್ಲಿ ಗಟ್ಟಿ ದನಿಯ ಒಬ್ಬರು ‘ಬೋರು ಕಣ್ರೀ’ ಎಂದರೆ ಉಳಿದ ಚೀಟಿಗಳೆಲ್ಲ ಅದರದೇ ನಕಲು. ಮೂರು ಗಂಟೆಯ ಆವೃತ್ತಿಗೆ ಬಿಡುವು ಅನಿವಾರ್ಯ, ಆಗ ಅಟಾಲ್‌ನಿಂದ ತಪ್ಪಿಸಿಕೊಂಡ ಮೇಲೆ ನಿಲ್ಲಿಸಿ, ಚಹಾಕ್ಕೆ ಮುಂಚೆಯೇ ಹಳದಿ ಚೀಟಿಯ ಮೊದಲ ಎರಡು ಪ್ರಶ್ನೆ ಬರೆಸಿಕೊಳ್ಳಿ.

ಚಿತ್ರ ಮುಗಿದ ಕೂಡಲೇ ದೀಪ, ಆರು ನಿಮಿಷ, ಮಾತಿಲ್ಲ. ಹಳದಿ ಚೀಟಿ ಎಣಿಸಿ ಪೆಟ್ಟಿಗೆಗೆ ಹಾಕಿದ ಮೇಲೆ ಬೆಲೆ ಹೇಳುವುದು. 17.5 ಕೋಟಿ ಡಾಲರ್ ಎಂದರೆ ಅಂದಿನ ವಿನಿಮಯ ದರದಲ್ಲೇ 500 ಕೋಟಿ ರೂಪಾಯಿ ಮೀರುತ್ತದೆ. ಹವಾಯಿಯ ದೊಡ್ಡ ದ್ವೀಪದ ಕವೈಹೇ ಬಂದರಿನ ಬಳಿ ನಿಜವಾದ ನೀರಿನ ಮೇಲೆ ಸುಮಾರು ಸಾವಿರ ಟನ್ ತೂಕದ ಅಟಾಲ್ ಕಟ್ಟಿದ್ದು, ಇನ್ನೊಂದು ಸೆಟ್ ಬಿರುಗಾಳಿಗೆ ಮುಳುಗಿದ್ದು, ನಿರ್ದೇಶಕ ಕೆವಿನ್ ರೆನಾಲ್ಡ್ಸ್ ಅಂತಿಮ ಸಂಕಲನಕ್ಕೆ ಮುಂಚೆ ಹೊರನಡೆದದ್ದು, ಇವನ್ನೂ ಎರಡು ವಾಕ್ಯದಲ್ಲಿ ಹೇಳಿ ನೀಲಿ ಚೀಟಿ ಹಂಚುತ್ತೇನೆ. ಅದರಲ್ಲಿ ಒಂದೇ ಪ್ರಶ್ನೆ: ಆ ದುಡ್ಡು ಎಲ್ಲಿ ಕಾಣಿಸಿತು, ಎಲ್ಲಿ ಕಾಣಲಿಲ್ಲ?

ಹಳದಿಯಲ್ಲಿ ಹುಡುಗಿ, ಮಣ್ಣು, ನಿಂಬೆ ಗಿಡ ಎಂದು ಬರೆದವರು ನೀಲಿಗೆ ಬಂದಾಗ ಆಡಿಟರ್ ಆಗಿಬಿಡುತ್ತಾರೆ. ‘ದೋಣಿ ಸರಿ, ಆ ಮೀನು ಸರಿಯಿಲ್ಲ.’ ಮ್ಯಾರಿನರ್ ತನ್ನನ್ನೇ ಎರೆಯಾಗಿಸಿ ಹಿಡಿಯುವ ದೈತ್ಯ ಪ್ರಾಣಿಯ ಬಗ್ಗೆ ಹಳದಿಯಲ್ಲಿ ತಕರಾರೇ ಇರುವುದಿಲ್ಲ. ತಕರಾರನ್ನು ಹುಟ್ಟಿಸಿದ್ದು ಬೆಲೆ. ‘ಲಾಜಿಕ್ ಇಲ್ಲ’ ಎಂಬುದೂ ಹೆಚ್ಚಾಗಿ ನೀಲಿಯ ಮಾತು. ಮಾತು ಸುಳ್ಳಲ್ಲ: ಭೂಮಿಯ ಹಿಮವೆಲ್ಲ ಕರಗಿದರೂ ಸಮುದ್ರ ಏರುವುದು 60ರಿಂದ 70 ಮೀಟರ್, ಮಂಗಳೂರಿನ ತಗ್ಗು ಪ್ರದೇಶ ಹೋದೀತು, 900 ಮೀಟರ್ ಎತ್ತರದ ಬೆಂಗಳೂರಿಗೆ ಏನೂ ಆಗದು, ಎವರೆಸ್ಟ್‌ವರೆಗಂತೂ ಪ್ರಶ್ನೆಯೇ ಇಲ್ಲ. ಆದರೆ ಕಾಲದ ಟಿಪ್ಪಣಿಯಲ್ಲಿ ಭೂಗೋಳ ಮುಳುಗುವ ಆ ಆರಂಭದ ಹೊತ್ತಿಗೆ ಒಂದು ‘ಪಿ’ ಕೂಡ ಇರುವುದಿಲ್ಲ. ನೋಡುವಾಗ ಒಪ್ಪಿ, ಬೆಲೆ ಕೇಳಿದ ಮೇಲೆ ತಕರಾರು ತೆಗೆದದ್ದು. ಕರಾವಳಿಯವರ ಚೀಟಿಗಳೇ ಬೇರೆ: ಅವರು ಕೇಳುವುದು ಅಷ್ಟು ದೊಡ್ಡ ಮೂರು ಒಡಲಿನ ದೋಣಿಯನ್ನು ಒಬ್ಬನೇ ಹೇಗೆ ತಿರುಗಿಸುತ್ತಾನೆ ಎಂದು.

ನಮ್ಮ ಚೀಟಿಗಳ ಪಕ್ಕದಲ್ಲಿ ಹಳೆಯ ಅಂಕಿಗಳನ್ನು ಇಟ್ಟು ನೋಡುವಾಗಲೂ ಎಚ್ಚರ ಬೇಕು. ಅಮೆರಿಕದ ಸಿನಿಮಾಸ್ಕೋರ್ ಸಂಸ್ಥೆ ಬಿಡುಗಡೆಯ ಹೊತ್ತಿಗೆ ಚಿತ್ರಮಂದಿರದ ಬಾಗಿಲಲ್ಲೇ ಚೀಟಿ ಹಂಚಿ ‘ಎ ಪ್ಲಸ್’ನಿಂದ ‘ಎಫ್’ವರೆಗೆ ದರ್ಜೆ ಪಡೆಯುತ್ತದೆ. ಇದಕ್ಕೆ ಬಂದದ್ದು ‘ಬಿ’. ಶಾಲೆಯ ಲೆಕ್ಕದಲ್ಲಿ ಚೆನ್ನಾಗಿದೆ ಅನ್ನಿಸುತ್ತದೆ, ಆದರೆ ಮೊದಲ ದಿನ ಬರುವವರು ಇಷ್ಟಪಡಲೆಂದೇ ಬಂದವರು, ಅವರ ‘ಬಿ’ ಹೆಚ್ಚುಕಡಿಮೆ ನಮ್ಮ ‘ಪರವಾಗಿಲ್ಲ’. ಗಳಿಕೆ ಅಮೆರಿಕದಲ್ಲಿ ಸುಮಾರು 8.8 ಕೋಟಿ ಡಾಲರ್, ಜಗತ್ತಿನಾದ್ಯಂತ 26.4 ಕೋಟಿ. ಖರ್ಚಿಗಿಂತ ಜಾಸ್ತಿ ಬಂತಲ್ಲ ಎಂದು ಲಾಭ ಅನ್ನುವ ಹಾಗಿಲ್ಲ, ಚಿತ್ರಮಂದಿರದವರ ಪಾಲು ಮತ್ತು ಪ್ರಚಾರದ ಖರ್ಚು ಅದರಿಂದಲೇ ಹೋಗಬೇಕು. ಮೂರರಲ್ಲಿ ಎರಡು ಪಾಲು ಹೊರದೇಶದಿಂದ ಬಂತು ಅನ್ನುವುದನ್ನು ಮಾತ್ರ ಗಮನಿಸಿ.

ಲೆಕ್ಕ ಹಾಕುವಾಗ ಇಬ್ಬರು ಬೇರೆ ಬೇರೆಯಾಗಿ ಚೀಟಿ ಓದಿ ಗುರುತು ಹಾಕಬೇಕು, ಗುರುತು ತಾಳೆಯಾಗದ ಚೀಟಿಯನ್ನು ಮೂರನೆಯವರು ಓದಬೇಕು. ‘ನೀರು ಜಾಸ್ತಿ ಆಯ್ತು’ ಎಂಬ ಚೀಟಿಯನ್ನು ಒಬ್ಬರು ‘ಬೇಸರ’ಕ್ಕೆ, ಇನ್ನೊಬ್ಬರು ‘ತಮಾಷೆ’ಗೆ ಹಾಕಿದ್ದುಂಟು. ಅಂಥ ಹೊತ್ತಲ್ಲಿ ಕುರ್ಚಿ ಸಂಖ್ಯೆ ನೋಡಿ ಕಾಲದ ಟಿಪ್ಪಣಿಗೆ ಹೋಗುವುದು: ಆ ಮೂಲೆಯಲ್ಲಿ ‘ಮೊ’ ಎಷ್ಟು, ‘ನ’ ಎಷ್ಟು. ಗಡಿಯಾರದ ಪ್ರಶ್ನೆಗೆ ಉತ್ತರ ಬರೆಯದೆ ಬಿಟ್ಟ ಚೀಟಿಯನ್ನು ‘ಬೇಸರವಿಲ್ಲ’ ಎಂದು ಸೇರಿಸಬೇಡಿ. ಆ ಅಂಕಣದಲ್ಲಿ ‘ಖಾಲಿ’ ಎಂದೇ ಬರೆಯಿರಿ. ಕೆಲವರು ಗಡಿಯಾರ ನೋಡಿದ್ದನ್ನು ಒಪ್ಪಿಕೊಳ್ಳುವುದಿಲ್ಲ, ಇನ್ನು ಕೆಲವರು ಆ ಹೊತ್ತಿಗೆ ನಿದ್ದೆಯಲ್ಲಿರುತ್ತಾರೆ.