ಹೊಗೆ ಕಂಡಿತು, ಕರೆ ಕೇಳಲಿಲ್ಲ

ಎರಡು ವರ್ಷಗಳ ಹಿಂದೆ ಅಘನಾಶಿನಿ ಕಣಿವೆಯಲ್ಲಿ ನಮ್ಮ ಜೊತೆಯವನೊಬ್ಬನ ಕಾಲು ಉಳುಕಿತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಹೊಳೆಯ ಬಂಡೆಯ ಮೇಲೆ ಬೆಂಕಿ ಮಾಡಿ, ಹಸಿ ಸೊಪ್ಪು ಒಟ್ಟಿ, ಎರಡು ಗಂಟೆ ಹೊಗೆ ಎಬ್ಬಿಸಿದೆವು. ಯಾರೂ ಬರಲಿಲ್ಲ. ಅವನನ್ನು ಹೊತ್ತುಕೊಂಡೇ ಗುಡ್ಡ ಹತ್ತಿದಾಗ ಮೇಲಿನ ಮನೆಯವರು ಹೇಳಿದರು: "ಹೊಗೆ ಕಂಡಿತ್ತು. ಯಾರೋ ಅಡುಗೆ ಮಾಡುತ್ತಿದ್ದಾರೆ ಅಂದುಕೊಂಡೆವು."

ಆ ಮಾತು ಕೊರೆಯುತ್ತಲೇ ಇತ್ತು. ಕಳೆದ ಜನವರಿಯಲ್ಲಿ ಶಿರಸಿ ಹತ್ತಿರದ ನಮ್ಮ ಕೊಯ್ಲಾದ ಗದ್ದೆಯಲ್ಲಿ, ಹೊಗೆಯೆಬ್ಬಿಸಿ ಸಹಾಯಕ್ಕೆ ಕರೆಯುವ ಅಭ್ಯಾಸಕ್ಕೆ ಇಳಿದೆ. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ. ಒಣಹುಲ್ಲಿನ ಗುಡ್ಡದಲ್ಲಿ ಇದನ್ನು ಕಲಿಯುತ್ತೇನೆ ಎನ್ನುವವರನ್ನು ನಾನಂತೂ ಹತ್ತಿರ ಸೇರಿಸುವುದಿಲ್ಲ. ಭಾವನನ್ನು ಎದುರು ಗುಡ್ಡಕ್ಕೆ ಕಳಿಸಿದೆ. ಕಂಡದ್ದನ್ನು ಫೋನಿನಲ್ಲಿ ಹೇಳುವುದು ಅವನ ಕೆಲಸ. ಫೋನು ಸಿಗುವ ಜಾಗದಲ್ಲಿ ಹೊಗೆ ಯಾಕೆ ಎಂದು ಅವನು ನಕ್ಕದ್ದೂ ಸರಿಯೇ.

ಬೆಳಿಗ್ಗೆ ಏಳೂವರೆಗೆ ದರಕು, ಪುಳ್ಳೆ, ಒಣ ಕಟ್ಟಿಗೆ ಜೋಡಿಸಿ ಹಚ್ಚಿದೆ. ಕೆಂಡವಾಗುವ ಮೊದಲೇ ಸೊಪ್ಪು ಹೇರಿದ್ದರಿಂದ ಬೆಂಕಿ ಸತ್ತೇ ಹೋಯಿತು. ಎರಡನೆಯ ಸಲ ಅರ್ಧ ಗಂಟೆ ಕಾದೆ. ಕೆಂಡದ ಮೇಲೆ ತೆಂಗಿನ ಸಿಪ್ಪೆ ಇಟ್ಟು, ಹಿಡಿಹಿಡಿಯಾಗಿ ಸೊಪ್ಪು ಹಾಕಿದಾಗ ದಟ್ಟ ಬಿಳಿ ಹೊಗೆ ಬಂತು. ಭಾವ ಮಾತ್ರ, "ಹೊಗೆಯೆಲ್ಲಿ? ಇಲ್ಲಿ ಬರೀ ಮಂಜು" ಎಂದ. ಚಳಿಗಾಲದ ಬೆಳಿಗ್ಗೆ ಕಣಿವೆಯ ತಳದಲ್ಲಿ ತಣ್ಣನೆಯ ಗಾಳಿ ಕುಳಿತಿರುತ್ತದೆ, ಅದರ ಮೇಲಿನ ಪದರ ಬೆಚ್ಚಗಿರುತ್ತದೆ. ಹೊಗೆ ಅಡಿಕೆ ಮರದೆತ್ತರಕ್ಕೆ ಏರಿ ಅಲ್ಲೇ ಚಾಪೆ ಹಾಸಿಕೊಂಡಿತ್ತು. ಹತ್ತೂವರೆಗೆ, ನೆಲ ಕಾದ ಮೇಲೆ, ನೆಟ್ಟಗೆ ಎದ್ದಿತು.

ಆದರೆ ಮಲೆನಾಡಿನಲ್ಲಿ ಒಂದು ಹೊಗೆ ಎಂದರೆ ಯಾರದೋ ಬಚ್ಚಲೊಲೆ. ಮೂರು ಬೆಂಕಿ ಇದ್ದರೆ ಆಪತ್ತು ಎಂಬುದು ಜಗತ್ತಿನ ಹಲವೆಡೆ ಒಪ್ಪಿರುವ ಸಂಕೇತ. ಹತ್ತು ಹೆಜ್ಜೆಗೊಂದರಂತೆ ಮೂರು ಹಾಕಿದೆ. ಭಾವನಿಗೆ ಕಂಡದ್ದು ಒಂದೇ. ಗಾಳಿಯ ದಿಕ್ಕಿಗೇ ಸಾಲು ಹಿಡಿದಿದ್ದೆ, ಮೂರೂ ಕೂಡಿಕೊಂಡಿದ್ದವು. ಗಾಳಿಗೆ ಅಡ್ಡಲಾಗಿ, ಸುಮಾರು 30 ಮೀಟರ್ ಅಂತರ ಬಿಟ್ಟು ಹಾಕಿದ ಮೇಲೆ, "ಹಾಂ, ಈಗ ಮೂರು" ಎಂದ. ಒಬ್ಬನೇ ಮೂರನ್ನೂ ಸಾಕುವುದು ಮಾತ್ರ ಸುಲಭವಲ್ಲ. ಒಂದಕ್ಕೆ ಸೊಪ್ಪು ಹಾಕುವಷ್ಟರಲ್ಲಿ ಇನ್ನೊಂದು ಉರಿದು ಹೊಗೆ ಬಿಡುವುದನ್ನೇ ನಿಲ್ಲಿಸುತ್ತಿತ್ತು. ಕಾಲು ಉಳುಕಿದವನಿಗೆ ಇದು ಆಗದ ಕೆಲಸ. ಅವನು ಒಂದನ್ನೇ ಬಯಲಿನಲ್ಲಿ ಚೆನ್ನಾಗಿ ನೋಡಿಕೊಳ್ಳಲಿ.

ಹಸಿ ಗೋಣಿ ಮುಚ್ಚಿ ತೆಗೆದು ಹೊಗೆಯನ್ನು ಉಂಡೆಉಂಡೆಯಾಗಿ ಬಿಡುವುದನ್ನೂ ನೋಡಿದೆ. ಗೋಣಿ ಸುಟ್ಟಿತು, ಭಾವನಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಹಸಿರು ಕಾಡಿನ ಎದುರು ಬಿಳಿ ಹೊಗೆ ಎದ್ದು ಕಾಣುತ್ತದೆ, ಮೋಡದ ಎದುರು ಕಪ್ಪು. ಕಪ್ಪಿಗೆ ಹಳೆಯ ಸೈಕಲ್ ಟ್ಯೂಬ್ ಸಾಕು, ಆದರೆ ಆ ವಿಷವನ್ನು ಅಭ್ಯಾಸಕ್ಕೆಂದು ಸುಡಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜ ಕೊಡಪಾನ ಹಿಡಿದು ಓಡಿ ಬಂದರು. "ಮೂರು ಕಡೆ ಹೊಗೆ! ಏನಾಯಿತು ಮಾರಾಯ?"

ಅವರು ತಂದ ನೀರನ್ನೇ ಮೊದಲ ಬೆಂಕಿಗೆ ಸುರಿದೆ. ಕೆದಕಿ, ಮತ್ತೆ ನೀರು ಹಾಕಿ ಮೂರನ್ನೂ ಆರಿಸಿದೆ. ಮರುದಿನ ಬೆಳಿಗ್ಗೆ ಕೈಯಿಟ್ಟು ನೋಡಿದರೆ ಮೂರನೆಯದರಲ್ಲಿ ಒಂದು ತೆಂಗಿನ ಸಿಪ್ಪೆ ಇನ್ನೂ ಬಿಸಿಯಿತ್ತು.